ತನ್ನ ಮೊಟ್ಟೆ ಯಾವುದು?

ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತ ಬಸುರಿ ಶಕುಂತಲೆಯನ್ನು ಹಂಗಿಸಲು ಕೋಗಿಲೆಯ ಹೋಲಿಕೆ ತರುತ್ತಾನೆ. ಬೇರೆ ಹಕ್ಕಿಯಿಂದ ಮರಿ ಸಾಕಿಸಿಕೊಳ್ಳುವ ಕೋಗಿಲೆ ಅವನಿಗೆ ಹೆಣ್ಣಿನ ವಂಚನೆಯ ಗುರುತು. ಬಸವಪ್ಪ ಶಾಸ್ತ್ರಿಗಳು ಕನ್ನಡಕ್ಕೆ ತಂದ ಈ ನಾಟಕವನ್ನು ಓದಿದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ: ಕೋಗಿಲೆಯನ್ನು 'ಪರಪುಷ್ಟ' ಎಂದು ಕರೆದ ನಾವು, ತನ್ನದೇ ಜಾತಿಯ ಗೂಡಿಗೆ ಮೊಟ್ಟೆ ಸೇರಿಸುವ ಹಕ್ಕಿಯನ್ನು ಏಕೆ ಗಮನಿಸಲಿಲ್ಲ?

ಉತ್ತರ ಸರಳ. ಶಿವಾಜಿನಗರದ ಮರದಲ್ಲಿ ಕಾಗೆ ಸಾಕಿದ ಕೋಗಿಲೆ ಮರಿ ಬೆಳೆದಂತೆ ಗುಟ್ಟು ತಾನೇ ಬಯಲಾಗುತ್ತದೆ. ಗುಬ್ಬಿಯ ಗೂಡಿನಲ್ಲಿ ಇನ್ನೊಂದು ಗುಬ್ಬಿ ಮೊಟ್ಟೆ ಇಟ್ಟರೆ ಹುಟ್ಟುವುದೂ ಗುಬ್ಬಿಯೇ. 1980ರಲ್ಲಿ ಯೋರಾಮ್ ಯೋಮ್-ಟೋವ್ ಚದುರಿದ್ದ ವರದಿಗಳನ್ನು ಒಟ್ಟುಗೂಡಿಸಿದರು. ಈಗ 200ಕ್ಕೂ ಹೆಚ್ಚು ಜಾತಿಗಳಲ್ಲಿ ಈ ನಡತೆ ತಿಳಿದಿದೆ.

ಬೆಂಗಳೂರಿನ ಕೆರೆಗಳಲ್ಲಿ ಕಾಣುವ, ಹಣೆಯ ಬಿಳಿ ಪಟ್ಟಿಯಿಂದ ಹೆಸರು ಪಡೆದ ನಾಮದ ಕೋಳಿಯೂ ಅವುಗಳಲ್ಲಿ ಒಂದು. ಅದರ ಅಮೆರಿಕದ ದಾಯಾದಿಯನ್ನು ಬ್ರೂಸ್ ಲಯನ್ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಾಲ್ಕು ವರ್ಷ ಅಧ್ಯಯನ ಮಾಡಿ, 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಹೇಂಟೆ ದಿನಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಒಂದೇ ದಿನ ಎರಡು ಕಂಡರೆ ಒಂದು ಪರರದು. ಮೊಟ್ಟೆಯ ಬಣ್ಣ, ಚುಕ್ಕೆಗಳೂ ಹೇಂಟೆಯಿಂದ ಹೇಂಟೆಗೆ ಬೇರೆ. ತನ್ನದಲ್ಲವೆಂದು ಗುರುತಿಸಿದ ತಾಯಿ ಅದನ್ನು ಗೂಡಿನ ಜೊಂಡಿನಲ್ಲಿ ಹೂಳುತ್ತದೆ, ಇಲ್ಲವೇ ಅಂಚಿಗೆ ತಳ್ಳುತ್ತದೆ. ಅಂಚಿನದಕ್ಕೆ ಕಾವು ಕಡಿಮೆ, ಮರಿ ಹೊರಬರುವುದು ತಡ. ಹೀಗೆ ಗುರುತಿಸಬಲ್ಲ ತಾಯಿ ಎಷ್ಟು ಇಡಬೇಕೆಂದು ತೀರ್ಮಾನಿಸುವಾಗ ತನ್ನ ಮೊಟ್ಟೆಗಳನ್ನು ಮಾತ್ರ ಎಣಿಸುತ್ತದೆ, ಪರರದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಷ್ಟು ಎಚ್ಚರಿಕೆಗೆ ಕಾರಣ ಹಸಿವು. ಈ ಹಕ್ಕಿಯ ಮರಿಗಳಲ್ಲಿ ಅನೇಕವು ಆಹಾರ ಸಾಲದೆ ಸಾಯುತ್ತವೆ. ಪರರ ಮರಿ ಒಂದು ಬದುಕಿದರೆ ಸ್ವಂತದ್ದು ಒಂದು ಹೋದಂತೆಯೇ. ಎಲ್ಲ ಹಕ್ಕಿಗಳೂ ಹೀಗಲ್ಲ. ಸ್ವೀಡನ್ನಿನ ಗೋಲ್ಡನ್‌ಐ ಬಾತುಗಳಲ್ಲಿ ಮೊಟ್ಟೆ ಸೇರಿಸಿದವಳೂ ಕಾವು ಕೊಡುವವಳೂ ಎಷ್ಟೋ ಸಲ ಬಂಧುಗಳೆಂದು ಆಂಡರ್ಸನ್ ಮತ್ತು ಓಲುಂಡ್ 2000ದಲ್ಲಿ ತೋರಿಸಿದರು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ನಾಮದ ಕೋಳಿಯ ಆ ದಾಯಾದಿಗಳಲ್ಲಿ ಪರರ ಗೂಡಿಗೆ ಮೊಟ್ಟೆ ಸೇರಿಸುವವು ಗೂಡಿಲ್ಲದವು ಮಾತ್ರವಲ್ಲ. ಸ್ವಂತ ಗೂಡು ಕಟ್ಟಿ ಮರಿ ಸಾಕುವ ತಾಯಂದಿರೂ ಹೌದು. ಇಂದು ಪಕ್ಕದ ಗೂಡಿಗೆ ನುಸುಳಿದವಳು ನಾಳೆ ತನ್ನ ಗೂಡಿನಲ್ಲಿ ಪರರ ಮೊಟ್ಟೆಯನ್ನು ಹೂಳುತ್ತಿರಬಹುದು. ವಂಚಿಸುವವರು, ವಂಚಿತರು ಎಂದು ಜಗತ್ತನ್ನು ಎರಡಾಗಿ ಸೀಳುವ ದುಷ್ಯಂತನ ನ್ಯಾಯ ಕೆರೆಯ ಜೊಂಡಿನಲ್ಲಿ ನಡೆಯುವುದಿಲ್ಲ. ನಾಟಕದ ಕೊನೆಯಲ್ಲಿ ಅದು ಅವನ ಆಸ್ಥಾನದಲ್ಲೂ ನಿಲ್ಲಲಿಲ್ಲ. ಶಕುಂತಲೆ ಹೇಳಿದ್ದೇ ನಿಜವಾಗಿತ್ತು.