ಚಿನ್ನದ ನಾಣ್ಯದ ಮೇಲೆ ಸ್ವರ್ಗದ ಅರಸ

ಬೈಜಾಂಟಿನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಟಂಕಸಾಲೆಯಲ್ಲಿ ಅಚ್ಚಾಗುತ್ತಿದ್ದ ‘ಸಾಲಿಡಸ್’ ಎಂಬ ಚಿನ್ನದ ನಾಣ್ಯ, ಒಂದು ರೋಮನ್ ಪೌಂಡ್ ಚಿನ್ನಕ್ಕೆ 72ರಂತೆ, ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತಿತ್ತು. ಅದರ ಮುಂಬದಿಯಲ್ಲಿ ಚಕ್ರವರ್ತಿಯ ಮುಖವೂ ಹಿಂಬದಿಯಲ್ಲಿ ಶಿಲುಬೆಯೋ ದೇವದೂತನೋ ಇರುವುದು ವಾಡಿಕೆಯಾಗಿತ್ತು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ದೊರೆತ ನಿಧಿಯಲ್ಲಿರುವುದೂ ಬಹುಪಾಲು ಇಂಥ ಹಳೆಯ ಮಾದರಿಯ ಬೈಜಾಂಟಿನ್ ನಾಣ್ಯಗಳೇ. ಏಳನೆಯ ಶತಮಾನದ ಕೊನೆಯಲ್ಲಿ, 685ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಜಸ್ಟಿನಿಯನ್, ಈ ವಾಡಿಕೆಯನ್ನು ಮುರಿದು ಮುಂಬದಿಯನ್ನು ಕ್ರಿಸ್ತನಿಗೆ ಬಿಟ್ಟುಕೊಟ್ಟನು.

ಉದ್ದ ಕೂದಲು, ಗಡ್ಡ, ಎಡಗೈಯಲ್ಲಿ ಸುವಾರ್ತೆಯ ಗ್ರಂಥ, ಆಶೀರ್ವದಿಸುವ ಬಲಗೈ ಇರುವ ಆ ಕ್ರಿಸ್ತನ ಸುತ್ತಲೂ ‘ಆಳುವವರ ಅರಸ’ ಎಂಬ ಅರ್ಥದ ಲ್ಯಾಟಿನ್ ಬರಹವಿದೆ. ಹಿಂಬದಿಗೆ ಸರಿದ ಚಕ್ರವರ್ತಿ ಅಲ್ಲಿ ಶಿಲುಬೆ ಹಿಡಿದು ನಿಂತು, ತನ್ನನ್ನು ‘ಕ್ರಿಸ್ತನ ಸೇವಕ’ ಎಂದು ಕರೆದುಕೊಂಡಿದ್ದಾನೆ. ಇದರ ಹಿಂದಿದ್ದ ನಂಬಿಕೆ ಹೊಸದಲ್ಲ. ಪುನರುತ್ಥಾನದ ಬಳಿಕ ಸ್ವರ್ಗಕ್ಕೇರಿದ ಕ್ರಿಸ್ತನು ತಂದೆಯ ಬಲಗಡೆಯಲ್ಲಿ ಆಸೀನನಾಗಿ ಈಗಲೇ ಆಳುತ್ತಿದ್ದಾನೆ ಎಂಬುದನ್ನು ಆದಿಸಭೆ 110ನೆಯ ಕೀರ್ತನೆಯ ಆಧಾರದಿಂದ ಸಾರುತ್ತಿತ್ತು. ಅವನ ರಾಜ್ಯಕ್ಕೆ ಅಂತ್ಯವಿಲ್ಲ ಎಂಬ ಮಾತು, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೆಸರಿನಲ್ಲಿ ಬಳಕೆಗೆ ಬಂದ ವಿಶ್ವಾಸಪ್ರಮಾಣದಲ್ಲಿ, ಅಂದರೆ ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ಹೇಳುವ ನಂಬಿಕೆಯ ಸಾರದಲ್ಲಿ, ಸೇರಿತ್ತು. ಕ್ರಿಸ್ತನನ್ನು ಕುರಿಮರಿಯ ಸಂಕೇತದಲ್ಲಿ ಅಲ್ಲ, ಮನುಷ್ಯರೂಪದಲ್ಲಿಯೇ ಚಿತ್ರಿಸಬೇಕೆಂದು 691–92ರಲ್ಲಿ ಇದೇ ಅರಸ ಕರೆದ ಧರ್ಮಸಭೆ ವಿಧಿಸಿತು. ನಾಣ್ಯ ಆ ಸಭೆಗೆ ಮೊದಲಿನದೋ ನಂತರದ್ದೋ ಎಂಬ ಚರ್ಚೆ ವಿದ್ವಾಂಸರಲ್ಲಿದ್ದರೂ ಎರಡರ ಮನೋಧರ್ಮ ಒಂದೇ.

‘ಸೇವಕ’ ಎಂಬ ಈ ವಿನಯವನ್ನು ಕೇವಲ ವಿನಯವೆಂದು ಓದುವುದು ತಪ್ಪಾದೀತು. ಸ್ವರ್ಗದ ಅರಸನಿಗೆ ನೇರ ಸೇವಕನಾದವನು ಭೂಮಿಯ ಮೇಲೆ ಬೇರೆ ಯಾರಿಗೂ ಉತ್ತರ ಹೇಳಬೇಕಿಲ್ಲವೆಂಬ ಧ್ವನಿಯೂ ಅದರಲ್ಲಿದೆ. ಕಡು ತೆರಿಗೆಗೆ ಬೇಸತ್ತ ರಾಜಧಾನಿ ಆ ಧ್ವನಿಗೆ ಓಗೊಡಲಿಲ್ಲ. 695ರಲ್ಲಿ ದಂಗೆಯೆದ್ದವರು ಅವನ ಮೂಗು ಕೊಯ್ದು ಕ್ರಿಮಿಯಾದ ಖೆರ್ಸಾನಿಗೆ ಗಡೀಪಾರು ಮಾಡಿದರು, ಅವನ ಜಾಗಕ್ಕೆ ಬಂದ ಲಿಯೊಂಟಿಯಸ್ ನಾಣ್ಯದ ಮುಂಬದಿಗೆ ಮತ್ತೆ ತನ್ನ ಮುಖವನ್ನೇ ತಂದನು. 705ರಲ್ಲಿ ಬಲ್ಗರ್ ದೊರೆಯ ನೆರವಿನಿಂದ ಮರಳಿ ಪಟ್ಟವೇರಿದ ಜಸ್ಟಿನಿಯನ್ ಕ್ರಿಸ್ತನನ್ನೂ ಮರಳಿ ತಂದನಾದರೂ ಈ ಸಲದ ಮುಖ ಗುಂಗುರು ಕೂದಲಿನ ತರುಣನದು. 711ರಲ್ಲಿ ಅವನ ಕೊಲೆಯಾದ ಮೇಲೆ, ಮತ್ತು ಸ್ವಲ್ಪ ಕಾಲದಲ್ಲೇ ಪವಿತ್ರ ಚಿತ್ರಗಳನ್ನು ನಿಷೇಧಿಸಿದ ವಿಗ್ರಹಭಂಜಕ ಚಳವಳಿ ತಲೆಯೆತ್ತಿದ ಮೇಲೆ, ಕ್ರಿಸ್ತನ ಮುಖ ನಾಣ್ಯಗಳಿಂದ ಮರೆಯಾಯಿತು.

843ರಲ್ಲಿ ರಾಣಿ ಥಿಯೊಡೋರಾ ಚಿತ್ರಗಳ ಗೌರವವನ್ನು ಪುನಃ ಸ್ಥಾಪಿಸಿದಾಗ, ಅವಳ ಮಗ ಮೂರನೆಯ ಮೈಕೇಲನ ಹೆಸರಿನ ಚಿನ್ನದ ನಾಣ್ಯಗಳಲ್ಲಿ ಜಸ್ಟಿನಿಯನ್ನನ ಮೊದಲ ಮಾದರಿಯ ಗಡ್ಡಧಾರಿ ಕ್ರಿಸ್ತನೇ ಮರಳಿ ಕಾಣಿಸಿಕೊಂಡನು. ಗ್ರೀಕರು ‘ಪಾಂಟೊಕ್ರೇಟರ್’, ಅಂದರೆ ಸರ್ವಾಧಿಪತಿ, ಎಂದು ಕರೆಯುವ ಈ ರೂಪ, ಅಥೆನ್ಸ್ ಬಳಿಯ ದಾಫ್ನಿಯಂಥ ಚರ್ಚುಗಳ ಗುಮ್ಮಟಗಳಿಂದ ಕೆಳಗೆ ನೋಡತೊಡಗಿತು.

ಹನ್ನೊಂದನೆಯ ಶತಮಾನದ ನಡುವಿನ ಹೊತ್ತಿಗೆ ಚಿತ್ರದ ಅರ್ಥ ಪ್ರಜೆಗಳಿಗೂ ಎಷ್ಟು ನಾಟಿತ್ತೆಂಬುದು 1057ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಐಸಾಕ್ ಕೊಮ್ನೆನಸ್‌ನ ಪ್ರಸಂಗದಲ್ಲಿ ಗೊತ್ತಾಗುತ್ತದೆ. ಸೇನಾಪತಿಯಾಗಿದ್ದ ಅವನು ದಂಗೆಯಿಂದ ಗದ್ದುಗೆ ಹಿಡಿದು, ಕ್ರಿಸ್ತನನ್ನು ಮುಂಬದಿಯಲ್ಲಿ ಉಳಿಸಿಕೊಂಡೇ, ಹಿಂಬದಿಯಲ್ಲಿ ಹಿರಿದ ಕತ್ತಿ ಹಿಡಿದು ನಿಂತ ತನ್ನ ರೂಪವನ್ನು ಅಚ್ಚೊತ್ತಿಸಿದನು. ರಾಜ್ಯ ದೇವರಿಂದಲ್ಲ, ತನ್ನ ಕತ್ತಿಯಿಂದ ದಕ್ಕಿತೆಂದು ಅವನು ಹೇಳಿಕೊಳ್ಳುತ್ತಿದ್ದಾನೆಂದು ಸಮಕಾಲೀನರು ಆಡಿಕೊಂಡದ್ದನ್ನು ಆ ಕಾಲದ ಇತಿಹಾಸಕಾರರು ದಾಖಲಿಸಿದ್ದಾರೆ. ಸುಮಾರು ಮೂರೂವರೆ ಶತಮಾನಗಳ ಹಿಂದೆ ಅರಸನೊಬ್ಬ ತನ್ನ ಹಿರಿಮೆಗೆಂದು ತಂದ ಚಿತ್ರ, ಈಗ ಅರಸನನ್ನೇ ಅಳೆಯುವ ಕೋಲಾಗಿತ್ತು. 1059ರಲ್ಲಿ ಐಸಾಕ್ ಪಟ್ಟ ಬಿಟ್ಟು ಮಠ ಸೇರಿದನು.

ಬೈಜಾಂಟಿಯಂನ ಚಿನ್ನ ಕ್ರಮೇಣ ಕಲಬೆರಕೆಯಾಗಿ ಮಾನ ಕಳೆದುಕೊಂಡಾಗ, 1284ರಲ್ಲಿ ವೆನಿಸ್ ನಗರ ಮೂರೂವರೆ ಗ್ರಾಂ ತೂಕದ ‘ಡುಕಾಟ್’ ಎಂಬ ಚಿನ್ನದ ನಾಣ್ಯವನ್ನು ಹೊರಡಿಸಿತು. ಅದರ ಒಂದು ಬದಿಯಲ್ಲಿ ನಗರದ ಅಧಿಪತಿ ಸಂತ ಮಾರ್ಕನ ಮುಂದೆ ಮೊಣಕಾಲೂರಿದ್ದರೆ, ಇನ್ನೊಂದು ಬದಿಯಲ್ಲಿ ನಕ್ಷತ್ರಗಳ ನಡುವೆ ಕ್ರಿಸ್ತ ನಿಂತಿದ್ದಾನೆ. ಭಾರತದ ಪಶ್ಚಿಮ ಕರಾವಳಿಗೆ ವ್ಯಾಪಾರದ ಮೂಲಕ ಹೇರಳವಾಗಿ ಬಂದ ಈ ನಾಣ್ಯ ‘ಪುತಳಿ’ ಎಂಬ ಹೆಸರು ಪಡೆಯಿತು; ಇಲ್ಲಿನ ಅಕ್ಕಸಾಲಿಗರು ಬರಹವನ್ನು ಅರ್ಥವಿಲ್ಲದ ಗೆರೆಗಳಾಗಿಸಿ, ಆಕೃತಿಯನ್ನು ಮಾತ್ರ ಉಳಿಸಿಕೊಂಡು, ಅದರ ನಕಲುಗಳನ್ನು ಹಾರಗಳಿಗೆ ಪೋಣಿಸಿದರು.