ಆಹಾರಮಾನ ವಿಚಾರ: ಪ್ರಸ್ಥದಿಂದ ಕ್ಯಾಲೊರಿಯವರೆಗೆ

ಒಬ್ಬ ಮನುಷ್ಯನಿಗೆ ದಿನವೊಂದಕ್ಕೆ ಸಲ್ಲತಕ್ಕ ಆಹಾರವನ್ನು ಅಂಕಿಗಳಿಂದ ಗೊತ್ತುಮಾಡುವ ಪದ್ಧತಿಯು ಪಾಶ್ಚಾತ್ಯ ರಸಾಯನಶಾಸ್ತ್ರದೊಡನೆ ಹುಟ್ಟಿತೆಂದು ತಿಳಿಯುವುದು ವಾಡಿಕೆಯಾಗಿದೆ. ಇದು ಸಾಧುವಲ್ಲ. ಮೈಸೂರು ಪ್ರಾಚ್ಯಕೋಶಾಗಾರದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ಕೋಷ್ಠಾಗಾರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಸಂದರ್ಭದಲ್ಲಿ, ಆರ್ಯಪುರುಷನೊಬ್ಬನ ಊಟಕ್ಕೆ ನುಚ್ಚಿಲ್ಲದ ಶುದ್ಧವಾದ ಅಕ್ಕಿ ಒಂದು ಪ್ರಸ್ಥ, ಅದರ ಕಾಲುಭಾಗ ಬೇಳೆ, ಬೇಳೆಯ ಹದಿನಾರನೆಯ ಒಂದು ಭಾಗ ಉಪ್ಪು, ಕಾಲುಭಾಗ ತುಪ್ಪ ಅಥವಾ ಎಣ್ಣೆ ಎಂದು ವಿಧಿಸಿದೆ. ಕೆಳಗಿನವರಿಗೆ ಬೇಳೆಯು ಪ್ರಸ್ಥದ ಆರನೆಯ ಒಂದು ಭಾಗಕ್ಕೆ ಇಳಿಯುವುದು, ಜಿಡ್ಡು ಅರ್ಧವಾಗುವುದು. ಸ್ತ್ರೀಯರಿಗೆ ಮುಕ್ಕಾಲು, ಮಕ್ಕಳಿಗೆ ಅರ್ಧ. ಅಂತಸ್ತನ್ನು ನೋಡಿ ಹೊಟ್ಟೆಯನ್ನು ಅಳೆಯುವ ಈ ಕ್ರಮವು ಮೆಚ್ಚತಕ್ಕದ್ದಲ್ಲ. ಆದರೂ ಬೇಳೆ ಜಿಡ್ಡುಗಳಿಲ್ಲದ ಬರಿಯ ಧಾನ್ಯವನ್ನು ಊಟವೆಂದು ಈ ವಿಧಿಯು ಎಣಿಸಿಲ್ಲವೆಂಬುದು ಗಮನಾರ್ಹವಾಗಿದೆ.

ಅದೇ ಅಧಿಕರಣದ ತುಲಾಮಾನಪ್ರಕರಣವನ್ನು ಇದರೊಡನೆ ಸೇರಿಸಿ ಓದಬೇಕು. ರಾಜನಿಗೆ ಬರುವ ಆಯವನ್ನು ಅಳೆಯುವ ದ್ರೋಣವು 200 ಪಲ, ವ್ಯಾಪಾರದ್ದು 187½, ಭೃತ್ಯರಿಗೆ ಕೊಡುವುದು 175, ಅಂತಃಪುರದ್ದು 162½. ಹೆಸರು ಒಂದೇ, ಕೊಳಗಗಳು ನಾಲ್ಕು! ತೆಗೆದುಕೊಳ್ಳುವ ದ್ರೋಣಕ್ಕಿಂತ ಭೃತ್ಯನಿಗೆ ಅಳೆಯುವ ದ್ರೋಣವು ಎಂಟರಲ್ಲಿ ಒಂದು ಪಾಲು ಚಿಕ್ಕದು. ಆದುದರಿಂದ ಆಹಾರಮಾನದ ಚರಿತ್ರೆಯಲ್ಲಿ ಮಾನವು ಯಾರ ಕೈಯಲ್ಲಿತ್ತೆಂಬುದೇ ಮೊದಲು ಕೇಳತಕ್ಕ ಪ್ರಶ್ನೆಯಾಗಿರುವುದು. ಚರಕಸಂಹಿತೆಯ ಮಾತ್ರಾಶಿತೀಯಾಧ್ಯಾಯದ ದೃಷ್ಟಿಯು ಬೇರೆ. ಅಲ್ಲಿ ಆಹಾರದ ಮಾತ್ರೆಯು ಉಣ್ಣುವವನ ಜಠರಾಗ್ನಿಯ ಬಲವನ್ನು ಅನುಸರಿಸತಕ್ಕದ್ದು.

ಕೊಡುವವನ ಲೆಕ್ಕಕ್ಕೂ ಉಣ್ಣುವವನ ದೇಹಕ್ಕೂ ಇರುವ ಅಂತರವು ಧಾತು ಈಶ್ವರ ಸಂವತ್ಸರಗಳ, ಎಂದರೆ 1876-78ರ, ಮಹಾಕ್ಷಾಮದಲ್ಲಿ ಸ್ಪಷ್ಟವಾಯಿತು. 1877ರ ಜನವರಿಯಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲನು ಮದರಾಸು ಪ್ರಾಂತದ ಪರಿಹಾರಕಾರ್ಯಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಸ್ವಲ್ಪ ಹಣವೂ ಸಾಕೆಂದು ಗೊತ್ತುಮಾಡಿದನು. ಅಲ್ಲಿಯ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷನು ಇದನ್ನು ಬಲವಾಗಿ ವಿರೋಧಿಸಿ, ಸುಮ್ಮನೆ ಕುಳಿತವನ ಜೀವಧಾರಣೆಗೆ ಬೇಕಾದುದು ಬೇರೆ, ಮಣ್ಣು ಹೊರುವವನಿಗೆ ಬೇಕಾದುದು ಬೇರೆ ಎಂದು ವಾದಿಸಿದನು. ಮುಂದೆ ಮದರಾಸು ಸರ್ಕಾರವು ಪ್ರಮಾಣವನ್ನು ಏರಿಸಿತು. ಅಷ್ಟರಲ್ಲಿ ತಿಂಗಳುಗಳು ಕಳೆದಿದ್ದವು. 100 ಗ್ರಾಂ ಅಕ್ಕಿಗೆ 345 ಕ್ಯಾಲೊರಿ, ರಾಗಿಗೆ 328 ಎಂದು ಹಿಡಿದರೆ, ಪೌಂಡು ಅಕ್ಕಿಯಿಂದ ಸುಮಾರು 1,566, ರಾಗಿಯಿಂದ 1,489 ದೊರೆಯುವುದು. ಭಾರಿ ಶ್ರಮದ ಪುರುಷನಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಹೇಳಿರುವುದು 3,470. ಇದು 65 ಕಿಲೋಗ್ರಾಂ ತೂಕದವನ ಲೆಕ್ಕ; ಕ್ಷಾಮದ ಕೂಲಿಯವನು ಅಷ್ಟು ತೂಗುತ್ತಿರಲಿಲ್ಲವೆಂದು ಕಳೆದರೂ, ಆ ಸ್ವಲ್ಪ ಹಣವನ್ನು ಕೂಡಿಸಿದರೂ, ಅಂತರವು ತುಂಬುವಂತಹದಲ್ಲ.

ಇದು ಬೆಂಗಳೂರಿಗೆ ದೂರದ ವಾರ್ತೆಯಾಗಿರಲಿಲ್ಲ. ಆಗ ಬ್ರಿಟಿಷರ ಆಡಳಿತದಲ್ಲಿದ್ದ ಮೈಸೂರು ಸೀಮೆಯಲ್ಲಿಯೂ ಅದೇ ಕ್ಷಾಮ. ಕೆಂಗೇರಿಯ ಮೇಲೆ ಹಾಯ್ದು 1882ರಲ್ಲಿ ಮೈಸೂರನ್ನು ಮುಟ್ಟಿದ ರೈಲುದಾರಿಯ ಮಣ್ಣಿನ ಕೆಲಸಕ್ಕೆ ಹಸಿದವರನ್ನೇ ಹಚ್ಚಲಾಗಿತ್ತು. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿದಿತ್ತು.

ಆಹಾರದ ಶಕ್ತಿಯನ್ನು ಕ್ಯಾಲೊರಿಗಳಲ್ಲಿ ಎಣಿಸುವ ರೂಢಿಯು ಅಮೆರಿಕದ ಆಟ್‌ವಾಟರನ ಪ್ರಯೋಗಗಳ ತರುವಾಯ ಹರಡಿತು. ಕೂನೂರಿನಲ್ಲಿ ಆಯ್ಕ್ರಾಯ್ಡನು 1937ರಲ್ಲಿ ಭಾರತೀಯ ಆಹಾರಗಳ ಪಟ್ಟಿಯನ್ನು ಪ್ರಕಟಿಸಿದನು. ಈಗ ರಾಜಾಜಿನಗರ ವಿಜಯನಗರಗಳ ಮನೆಗಳಲ್ಲಿ ಅಂತಹ ಪಟ್ಟಿಗಳು ಕೈಫೋನಿನೊಳಗೆ ಸೇರಿ, ಉಣ್ಣುವವನೇ ಲೆಕ್ಕಿಗನಾಗಿದ್ದಾನೆ. ಆದರೆ ‘ಮುದ್ದೆ ಒಂದು’ ಎಂದು ಬರೆದರೆ ಲೆಕ್ಕವು ನಿಲ್ಲದು; ಒಂದು ಮನೆಯ ಮುದ್ದೆ ಇನ್ನೊಂದರ ಒಂದೂವರೆಯಾಗಬಹುದು, ನೀರಿಗೂ ತೂಕವುಂಟು. ಹಿಟ್ಟನ್ನು ಎಸರಿಗೆ ಹಾಕುವ ಮೊದಲೇ ತೂಗಬೇಕು. ಪಾವು ಚಟಾಕುಗಳಿಂದ ಗೃಹಿಣಿಯರು ಅಳೆಯುತ್ತಿದ್ದುದೂ ಬೇಯಿಸದ ಧಾನ್ಯವನ್ನೇ. ಕೌಟಿಲ್ಯನಾದರೋ ಈ ತೊಡಕನ್ನು ಬಲ್ಲವನಾಗಿ, ಹಾರಕ ನವಣೆಗಳು ಬೆಂದರೆ ಮೂರು ಪಾಲು, ವ್ರೀಹಿಯು ನಾಲ್ಕು, ಶಾಲಿಯು ಐದು ಪಾಲು ಅನ್ನವಾಗುವುದೆಂದು ಅದೇ ಕೋಷ್ಠಾಗಾರಪ್ರಕರಣದಲ್ಲಿ ಬರೆದಿಟ್ಟಿರುವನು.