ಒತ್ತಕ್ಷರ ಕೂರದ ಕಾಲ: ಮೊಬೈಲಿಗೆ ಕನ್ನಡ ಬಂದ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಲು ಸಮಿತಿಯವರು ಫೋನ್ ಮಾಡಿದಾಗ, "ಊರಿನ ಇತಿಹಾಸ ಬರೆಯೋಕೆ ಹಿರಿಯರಿದ್ದಾರೆ, ನೀನು ನಿನ್ನ ಕೆಲಸದ ಇತಿಹಾಸ ಬರಿಯಪ್ಪ" ಎಂದರು. ಅರಕೆರೆಯ ಈ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿ, ಬೆಂಗಳೂರಿನಲ್ಲಿ ಮೊಬೈಲ್ ಆಪ್ ಬರೆಯುವ ಕೆಲಸದಲ್ಲಿದ್ದೇನೆ. ಈ ಕಸುಬಿಗೆ ವಯಸ್ಸು ಕಡಿಮೆ. ಆದರೂ ಅದರೊಳಗೆ ಕನ್ನಡ ಓದುವವರೆಲ್ಲ ತಿಳಿಯಬೇಕಾದ ಒಂದು ಸಣ್ಣ ಇತಿಹಾಸವಿದೆ.

2011ರ ದೀಪಾವಳಿಗೆ ಊರಿಗೆ ಬರುವಾಗ ಹೊಸದೊಂದು ಸ್ಮಾರ್ಟ್‌ಫೋನ್ ಕೊಂಡು ತಂದಿದ್ದೆ. ಅದರಲ್ಲಿ ನಮ್ಮ ಅವ್ವನಿಗಾಗಿ ನಾನೇ ಬರೆದ "ಹಾಲಿನ ಲೆಕ್ಕ" ಎಂಬ ಆಪ್ ಇತ್ತು. ಅವ್ವ ಏಳನೇ ತರಗತಿಯವರೆಗೆ ಓದಿದವರು, ಕನ್ನಡ ಚೆನ್ನಾಗಿ ಓದುತ್ತಾರೆ, ಇಂಗ್ಲಿಷ್ ಬಾರದು. ಬೆಳಿಗ್ಗೆ ಸಂಜೆ ಡೇರಿಗೆ ಹಾಕಿದ ಹಾಲಿನ ಲೀಟರು, ಫ್ಯಾಟು, ದುಡ್ಡು ಬರೆದಿಟ್ಟುಕೊಂಡರೆ ಬಟವಾಡೆಯ ದಿನ ತಾಳೆ ನೋಡಬಹುದು ಎಂದು ನನ್ನ ಲೆಕ್ಕಾಚಾರ. ಕಂಪ್ಯೂಟರಿನಲ್ಲಿ ಅಕ್ಷರಗಳೆಲ್ಲ ಮುದ್ದಾಗಿ ಕಾಣುತ್ತಿದ್ದವು. ಫೋನಿಗೆ ಹಾಕಿ ಒಮ್ಮೆಯೂ ನೋಡದೆ ಬಸ್ಸು ಹತ್ತಿದ್ದು ನನ್ನದೇ ತಪ್ಪು. ಮನೆಯಲ್ಲಿ ತೆರೆದರೆ ಸಾಲುಸಾಲು ಚೌಕಗಳು, ಒಂದಕ್ಷರವೂ ಇಲ್ಲ.

ಮರುದಿನವೆಲ್ಲ ಕೂತು ಆಪ್‌ನೊಳಗೆ ಒಂದು ಕನ್ನಡ ಫಾಂಟ್ ತುಂಬಿದೆ. ಅಕ್ಷರ ಬಂದವು, ಆದರೆ ಒತ್ತು ಕೂರಲಿಲ್ಲ. "ಎಮ್ಮೆ" ಹೋಗಿ "ಎಮ್‌ಮೆ" ಆಯಿತು, "ಮೊತ್ತ" "ಮೊತ್‌ತ" ಆಯಿತು, "ಅವ್ವ" ಕೂಡ "ಅವ್‌ವ". ಅವ್ವ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, "ಇದೇನ್ಲಾ ಮಗ, ಅಕ್ಸರ ಎಲ್ಲಾ ಮುರ್ದೋಗವೆ?" ಎಂದರು. ಇದೇ ಶಾಲೆಯಲ್ಲಿ ಒತ್ತಕ್ಷರ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದ ನಮ್ಮ ಕನ್ನಡ ಮೇಷ್ಟ್ರು ನೆನಪಾದರು. ಅವರ ಲೆಕ್ಕದಲ್ಲಿ ನನ್ನ ಆಪ್‌ಗೆ ಸೊನ್ನೆ.

ಹೀಗೇಕಾಯಿತೆಂದು ಹೇಳಬೇಕು. ನಾವು "ಕ್ಕ" ಎಂದು ಬರೆದರೆ ಯಂತ್ರದಲ್ಲಿ ಉಳಿಯುವುದು ಮೂರು ಸಂಕೇತಗಳು: ಕ, ಅರ್ಧಾಕ್ಷರದ ಚಿಹ್ನೆ, ಮತ್ತೆ ಕ. ಕನ್ನಡಕ್ಕೆ ಈ ಸಂಕೇತಗಳು ಯೂನಿಕೋಡ್‌ನಲ್ಲಿ 1991ರಲ್ಲೇ, ಅದರ ಮೊದಲ ಆವೃತ್ತಿಯಲ್ಲೇ ಸಿಕ್ಕಿದ್ದವು. ಆದರೆ ಎರಡನೆಯ ಕ ಕೆಳಗಿಳಿದು ಒತ್ತಾಗಿ ಕೂರಬೇಕೆಂಬ ನಿಯಮವನ್ನು ನಡೆಸುವುದು ಫೋನಿನ ಆಪರೇಟಿಂಗ್ ಸಿಸ್ಟಂ. ಆ ಜಾಗದಲ್ಲಿ ಕೆಲಸ ಮಾಡುವವರು ಯಾರೂ ಇಲ್ಲದಿದ್ದರೆ ಅಕ್ಷರಗಳು ಇಟ್ಟಿಗೆ ಜೋಡಿಸಿದಂತೆ ಪಕ್ಕಪಕ್ಕ ನಿಲ್ಲುತ್ತವೆ. ಆಪ್ ಬರೆಯುವವನು ಫಾಂಟ್ ತರಬಹುದು, ಒತ್ತು ಕೂರಿಸುವ ಆ ಯಂತ್ರಾಂಗವನ್ನು ಹೊಸದಾಗಿ ಕಟ್ಟುವುದು ನನ್ನಂಥ ಒಬ್ಬನಿಂದ ಆಗುವ ಕೆಲಸವಾಗಿರಲಿಲ್ಲ.

ಆಗ ನಾವು ಹಲವರು ಹಿಡಿದದ್ದು ಅಡ್ಡದಾರಿ. ಕೆಲವರು ಪುಟವನ್ನೇ ಚಿತ್ರವಾಗಿ ಮಾಡಿ ಅಂಟಿಸಿದರು. ನಾನು ಹಿಂದಿನ ಕಾಲಕ್ಕೆ ಹೋದೆ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ "ಬರಹ", ಕನ್ನಡ ಗಣಕ ಪರಿಷತ್ತಿನ "ನುಡಿ" ಇವುಗಳ ಹಳೆಯ ಫಾಂಟ್‌ಗಳಲ್ಲಿ ಒತ್ತಕ್ಷರಗಳೇ ಪ್ರತ್ಯೇಕ ಅಚ್ಚಿನ ಮೊಳೆಗಳಂತೆ ಇರುತ್ತಿದ್ದವು. ನಿಯಮ ನಡೆಸುವವರು ಬೇಕಿರಲಿಲ್ಲ. ಯೂನಿಕೋಡ್ ಬಂದ ಮೇಲೆ ಹಿಂದಕ್ಕೆ ಸರಿಯುತ್ತಿದ್ದ ಆ ಪದ್ಧತಿಯೇ ಹೊಸ ಫೋನಿನಲ್ಲಿ ನನ್ನನ್ನು ಕಾಪಾಡಿತು. ಅವ್ವನ ಎಮ್ಮೆ ಸರಿಯಾಯಿತು. ಆದರೆ ಆ ಬರಹವನ್ನು ಹುಡುಕಲು ಬಾರದು, ಇನ್ನೊಬ್ಬರಿಗೆ ಕಳಿಸಿದರೆ ಅರ್ಥವಾಗದು. ಜೊತೆಗೆ, ಆಪ್‌ನೊಳಗೆ ಮಾತ್ರ ನಮ್ಮ ಆಟ. ಚಿತ್ರದ ಕೆಳಗಿನ ಆಪ್‌ನ ಹೆಸರು, ಮೇಲಿನ ಪಟ್ಟಿಯಲ್ಲಿ ಬರುವ ಸೂಚನೆ, ಇವನ್ನೆಲ್ಲ ಫೋನೇ ಬರೆಯುತ್ತದೆ. ಅಲ್ಲಿ ಮತ್ತೆ ಚೌಕ. ಕೊನೆಗೆ ಆಪ್‌ನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಅವ್ವ ಅದನ್ನು ಬಣ್ಣದಿಂದ ಗುರುತು ಹಿಡಿದರು.

ಆಂಡ್ರಾಯ್ಡ್ 4.1 ಬಂದದ್ದು 2012ರ ಜುಲೈಯಲ್ಲಿ. ಕನ್ನಡ, ತೆಲುಗು, ಮಲಯಾಳಂ ಮೂರೂ ಅದರಲ್ಲಿ ಒಟ್ಟಿಗೆ ಬಂದವು. ಆದರೆ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದ ಫೋನುಗಳಲ್ಲಿ 2010ರ ಕೊನೆಯಲ್ಲಿ ಬಂದ 2.3 ಆವೃತ್ತಿಯೇ ಇನ್ನೂ ಓಡುತ್ತಿತ್ತು, ಅವಕ್ಕೆ ಹೊಸದನ್ನು ಯಾರೂ ಕಳಿಸುತ್ತಿರಲಿಲ್ಲ. ಫೋನಿನ ಮೆನು ಕೂಡ ಕನ್ನಡದಲ್ಲಿ ಕಾಣಿಸಿದ್ದು 2014ರ 5.0 ಆವೃತ್ತಿಯಲ್ಲಿ.

ಐಫೋನಿನ ಕಥೆ ಬೇರೆ. ಅಲ್ಲಿ ಕನ್ನಡ ಓದುವುದಕ್ಕಿಂತ ಬರೆಯುವುದೇ ಕಷ್ಟವಾಗಿತ್ತು. ಆಂಡ್ರಾಯ್ಡ್‌ನಲ್ಲಿ 2009ರಿಂದಲೇ ಯಾರು ಬೇಕಾದರೂ ಕೀಲಿಮಣೆ ಮಾಡಿ ಕೊಡಬಹುದಿತ್ತು; ಐಫೋನಿನಲ್ಲಿ ಅದಕ್ಕೆ ಅವಕಾಶ ಸಿಕ್ಕಿದ್ದು 2014ರಲ್ಲಿ. ಆಪಲ್ ತಾನೇ ಕನ್ನಡ ಕೀಲಿಮಣೆ ಕೊಟ್ಟಿದ್ದು 2017ರಲ್ಲಿ. ಮರುವರ್ಷದ ಫೆಬ್ರವರಿಯಲ್ಲಿ ನೆರೆಯ ತೆಲುಗಿನ "ಜ್ಞಾ" ಎಂಬ ಒಂದು ಅಕ್ಷರರೂಪ ಸಂದೇಶದಲ್ಲಿ ಬಂದರೆ ಐಫೋನಿನ ಆಪ್‌ಗಳೇ ಮುಚ್ಚಿಹೋಗುತ್ತಿದ್ದವು. ಆಪ್ ಬರೆದವರು ಕೈಕಟ್ಟಿ ಕೂರಬೇಕಾಯಿತು, ಆಪಲ್‌ನವರೇ 11.2.6 ಆವೃತ್ತಿ ಕಳಿಸಿ ಸರಿಮಾಡಿದರು.

ಎಲ್ಲ ಬೇಲಿಯನ್ನೂ ನಾನು ದೂರುವುದಿಲ್ಲ. ಸಂದೇಶ ಓದುವ ಅನುಮತಿಯನ್ನು ಎಲ್ಲ ಆಪ್‌ಗೂ ಕೊಡಬಾರದೆಂದು 2018ರ ಅಕ್ಟೋಬರಿನಲ್ಲಿ ಗೂಗಲ್ ನಿಯಮ ಬಿಗಿಮಾಡಿದಾಗ ನಮ್ಮಂಥವರಿಗೆ ಕೆಲಸ ಹೆಚ್ಚಾಯಿತು, ಗೊಣಗಿದೆವು. ಆದರೆ ಬ್ಯಾಂಕಿನ ಓಟಿಪಿ ಬರುವುದೂ ಆ ಸಂದೇಶದಲ್ಲೇ, ಬೇಲಿ ಇರಬೇಕಾದ್ದೇ. ನಾಲೆ ಬಯಲಿನ ನಮಗೆ ಇದು ಗೊತ್ತು. ಸರದಿಯ ಪ್ರಕಾರ ನೀರುಗಂಟಿ ತೂಬು ಮುಚ್ಚಿದರೆ ಸಿಟ್ಟು ಬಂದರೂ ಒಪ್ಪುತ್ತೇವೆ. ನಮ್ಮ ಗದ್ದೆಯ ಕಡೆಗೆ ತೂಬನ್ನೇ ಇಡದಿದ್ದರೆ? ಕನ್ನಡಕ್ಕೆ ಆಗಿದ್ದು ಎರಡನೆಯದು. ಯಾರೂ ಬೇಡವೆಂದಿರಲಿಲ್ಲ, ಯಾರಿಗೂ ನೆನಪಾಗಿರಲಿಲ್ಲ ಅಷ್ಟೆ. ಭಾರತದಲ್ಲಿ ಮಾರುವ ಫೋನುಗಳು 22 ಭಾಷೆಗಳನ್ನೂ ಓದಲು ಬರುವಂತೆ ತೋರಿಸಬೇಕೆಂದು ಕೇಂದ್ರ ಸರ್ಕಾರ ಆದೇಶ ಹೊರಡಿಸಿದ್ದು 2016ರ ಅಕ್ಟೋಬರಿನಲ್ಲಿ.

ಅವ್ವ ಈಗ ವಾಟ್ಸಾಪ್‌ನಲ್ಲಿ ನನಗೆ ಕನ್ನಡದಲ್ಲೇ ಬರೆಯುತ್ತಾರೆ, ಒತ್ತಕ್ಷರ ತಪ್ಪುವುದಿಲ್ಲ. ಹಾಲಿನ ಲೆಕ್ಕದ ಆಪ್ ಬಿಟ್ಟು ಎಷ್ಟೋ ವರ್ಷವಾಯಿತು. ಮಹೋತ್ಸವದ ದಿನ ಶಾಲೆಯಲ್ಲಿ ಹಳೆಯ ವಸ್ತುಗಳನ್ನು ಇಡುವ ಮೇಜೊಂದು ಇರುತ್ತದಂತೆ. ಆ 2011ರ ಫೋನನ್ನು ಅಲ್ಲಿಗೆ ತರುತ್ತಿದ್ದೇನೆ. ಬ್ಯಾಟರಿ ಹಾಳಾಗಿದೆ, ಚಾರ್ಜರ್ ಸಿಕ್ಕಿಸಿಯೇ ಇಡಬೇಕು. ಮಕ್ಕಳು ಅದರಲ್ಲಿ ತಮ್ಮ ಹೆಸರು ಹೇಗೆ ಕಾಣುತ್ತದೆಂದು ನೋಡಲಿ.